ಅಜ್ಜಿಯ ಮುಷ್ಟಿಯಲ್ಲಿದ್ದ ಮಣ್ಣು

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನು ಯಾರಾದರೂ ಹೇಳಿದರೆ ನಗುತ್ತಿದ್ದವನು ನಾನು. ಅತ್ತೆ ತಾಯಿತ ಕಟ್ಟಿಸಿಕೊಂಡು ಬಂದರೆ "ಇದಕ್ಕೆ ಗ್ಯಾರಂಟಿ ಕಾರ್ಡ್ ಕೊಟ್ರಾ ಅತ್ತೆ?" ಎಂದು ರೇಗಿಸುತ್ತಿದ್ದೆ. ಹಾಗಾಗಿ ನೀವು ನಂಬದಿದ್ದರೆ ನನಗೇನೂ ಬೇಜಾರಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ಅಪ್ಪನ ತಾಯಿ, ನನ್ನ ಅಜ್ಜಿ, ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿದ್ದರು. ಕಣ್ಣು ಯಾವತ್ತೋ ಹೋಗಿತ್ತು, ಈಗ ಕಿಡ್ನಿಯೂ ಕೈಕೊಟ್ಟಿತ್ತು. ಇನ್ನು ನಮ್ಮ ಕೈಲಿಲ್ಲ ಎಂದು ಡಾಕ್ಟರು ಹೇಳಿಹೋದ ಬೆಳಿಗ್ಗೆ ಅಜ್ಜಿ ಅಪ್ಪನ ಕೈ ಹಿಡಿದು ಕೇಳಿದ್ದು ಒಂದೇ.

"ನಿಮ್ಮಪ್ಪನ ಗದ್ದುಗೆ ಮಣ್ಣು ಒಂದ್ ಹಿಡಿ ತಂದ್ಕೊಡೋ. ಅದನ್ನ ಕೈಲಿ ಹಿಡ್ಕೊಂಡೇ ಹೋಗ್ತೀನಿ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡಿ, ಮೇಲೊಂದು ಗದ್ದುಗೆ ಕಟ್ಟುತ್ತಾರೆ. ತಾತನನ್ನು ಭದ್ರಾವತಿಯಿಂದಾಚೆ, ಶಂಕರಘಟ್ಟದ ಕಡೆಗಿದ್ದ ನಮ್ಮದೇ ಹೊಲದಲ್ಲಿ ಕೂರಿಸಿದ್ದರು. ಅಪ್ಪ ಆಗಿನ್ನೂ ತೊಟ್ಟಿಲ ಕೂಸು. ಆಮೇಲೆ ಹೊಲ ಮಾರಿಹೋಯಿತು. ಅಜ್ಜಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಭದ್ರಾವತಿಯ ನ್ಯೂ ಟೌನ್ ಪಕ್ಕದ ವಠಾರಕ್ಕೆ ಬಂದು, ರೊಟ್ಟಿ ತಟ್ಟಿ ಮಾರಿ ಅವರನ್ನು ಸಾಕಿದರು. ಹಿರಿಯರ ಹಬ್ಬಕ್ಕೆ ಎಡೆ ಇಡುವುದು ಮನೆಯಲ್ಲೇ ಆದ್ದರಿಂದ ಆ ಹೊಲದ ಕಡೆ ಯಾರೂ ಮತ್ತೆ ತಲೆ ಹಾಕಿರಲಿಲ್ಲ.

ನನಗೆ ಆಗ ಎರಡು ಹುಚ್ಚು. ಒಂದು, ಪಕ್ಕದ ಮನೆಯವರ ಓಮ್ನಿಯಲ್ಲಿ ಯಾರ ಹತ್ತಿರವೂ ಕಲಿಯದೆ ನಾನೇ ಕಲಿತ ಡ್ರೈವಿಂಗ್. ಇನ್ನೊಂದು, ವಂಶವೃಕ್ಷ. ಸಿಕ್ಕ ಮುದುಕರನ್ನೆಲ್ಲ ಕಾಡಿ ಕಾಡಿ ದೊಡ್ಡ ಡ್ರಾಯಿಂಗ್ ಶೀಟಿನ ಮೇಲೆ ನಮ್ಮ ಮನೆತನವನ್ನೆಲ್ಲ ಬರೆದಿದ್ದೆ. ಅವತ್ತು ಅದೇ ಓಮ್ನಿಯನ್ನು ಕೇಳಿ ತೆಗೆದುಕೊಂಡು ಬಂದೆ. ಅಮ್ಮನನ್ನು ಅಜ್ಜಿಯ ಹತ್ತಿರ ಬಿಟ್ಟು, ಅಪ್ಪ ಮುಂದೆ, ಅತ್ತೆ ಹಿಂದೆ ಕೂತು ಹೊರಟೆವು. ಅತ್ತೆ ಅಪ್ಪನ ಅಕ್ಕ. ಗದ್ದುಗೆಯ ಜಾಗ ಅಲ್ಪಸ್ವಲ್ಪ ನೆನಪಿದ್ದದ್ದು ಅವರೊಬ್ಬರಿಗೇ.

ಮೊದಲು ವಠಾರಕ್ಕೆ ಹೋದೆವು, ಯಾರಿಗಾದರೂ ಹೊಲದ ಗುರುತು ಗೊತ್ತಿರಬಹುದು ಎಂದು. ಹಳಬರಲ್ಲಿ ಪಕ್ಕದ ಮನೆಯ ತಮಿಳು ಅಜ್ಜಿ, ಎಲ್ಲರೂ ಪಾಟಿ ಎನ್ನುತ್ತಿದ್ದವರು, ಮಾತ್ರ ಉಳಿದಿದ್ದರು. ಅಪ್ಪನ ಕೆನ್ನೆ ಸವರಿ, "ಏನಪ್ಪ, ಇಷ್ಟ್ ದಪ್ಪ ಆಗ್ಬಿಟ್ಟಿದೀಯ! ನಿಮ್ಮಮ್ಮ ರೊಟ್ಟಿ ತಟ್ಟೋ ಸೌಂಡ್‌ಗೇ ನಾವೆಲ್ಲ ಏಳೋದು" ಎಂದರು. ಹೊಲದ ವಿಷಯ ಅವರಿಗೆ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ದಾರಿ ಎಷ್ಟು ಚೆನ್ನಾಗಿತ್ತೆಂದರೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಾರ್ತಿಕದ ಎಳೆಬಿಸಿಲು, ತೆನೆ ತುಂಬಿದ ಗದ್ದೆ, ದೂರದಲ್ಲಿ ಗುಡ್ಡಗಳ ಸಾಲು. ಬೇರೆ ದಿನವಾಗಿದ್ದರೆ ಅಪ್ಪ ಇಳಿದು ನಿಂತು ನೋಡುತ್ತಿದ್ದರು. ಅವತ್ತು ವಾಚನ್ನು ಬಿಟ್ಟು ಬೇರೇನೂ ನೋಡಲಿಲ್ಲ.

ಸಿಕ್ಕವರನ್ನು ಕೇಳುತ್ತ ಹೋದ ಮೇಲೆ ಹೊಲ ಸಿಕ್ಕಿತು. ಗದ್ದುಗೆ ಸಿಗಲಿಲ್ಲ. ಎಲ್ಲಿ ನೋಡಿದರೂ ಆಳೆತ್ತರದ ಕಬ್ಬು.

"ಬಾವಿ ಇತ್ತು ಕಣೋ, ಬಾವಿ ಎಡಕ್ಕೆ ಗದ್ದುಗೆ" ಎನ್ನುತ್ತ ಅತ್ತೆ ಬದುವಿನ ಮೇಲೆ ಓಡಾಡಿದರು.

"ಬಾವಿ ಮುಚ್ಚಿ ಎಷ್ಟ್ ಕಾಲ ಆಯ್ತಮ್ಮ" ಎಂದರು ಈಗಿನ ಮಾಲೀಕರು. "ನಾನ್ ತಗೊಳೋವಾಗ್ಲೇ ನೆಲ ಸಮ ಮಾಡ್ಸಿದ್ರು. ಕಲ್ಲು ಗಿಲ್ಲು ನಾನಂತೂ ನೋಡಿಲ್ಲ. ಬೇಕಾದ್ರೆ ಹುಡುಕ್ಕೊಳಿ, ನಾನೇನ್ ಬೇಡ ಅನ್ನಲ್ಲ."

ಅಪ್ಪ ಕಬ್ಬಿನೊಳಗೆ ನುಗ್ಗಿದರು. ಗರಿ ಕೊಯ್ದು ಕೈ, ಮುಖವೆಲ್ಲ ಗೀರು. ಅಲ್ಲಲ್ಲಿ ಕೂತು ಬರಿಗೈಯಲ್ಲಿ ನೆಲ ಕೆದರಿದರು, ಒಂದು ಕಲ್ಲಾದರೂ ಸಿಕ್ಕೀತೆಂದು. ಅಪ್ಪ ಹಾಗೆ ಬಿಕ್ಕಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಮಧ್ಯಾಹ್ನ ಹಳ್ಳಿಯ ಅಂಗಡಿಯಿಂದ ಆಸ್ಪತ್ರೆಗೆ ಫೋನ್ ಮಾಡಿದರೆ ಅಮ್ಮ ಹೇಳಿದ್ದಿಷ್ಟು: "ಬೇಗ ಬನ್ನಿ. ಮಣ್ಣು ಬಂತಾ, ಮಣ್ಣು ಬಂತಾ ಅಂತಿದಾರೆ. ಉಸಿರು ಸರಿಯಿಲ್ಲ."

ವಾಪಸ್ ಹೊರಟೆವು. ಸ್ವಲ್ಪ ದೂರ ಬಂದಿರಬಹುದು, ಹಿಂದಿನಿಂದ "ನಿಲ್ಸು" ಎಂದದ್ದು ಕೇಳಿ ಬ್ರೇಕ್ ಹಾಕಿದೆ. ರಸ್ತೆ ಪಕ್ಕ ಒಂದು ಹಳ್ಳ, ಹಳ್ಳದ ದಂಡೆಗೆ ಒಂದು ಹಳೆಯ ಹೊಂಗೆಮರ, ಬೇರೇನೂ ಇಲ್ಲ. ಅಪ್ಪ ಇಳಿದವರೇ ಅತ್ತೆಯ ಚಿತ್ರಾನ್ನದ ಡಬ್ಬಿ ಖಾಲಿ ಮಾಡಿ, ಮರದ ಬುಡದ ಮಣ್ಣು ತೋಡಿ ತುಂಬತೊಡಗಿದರು.

"ಏನೋ ಮಾಡ್ತಿದೀಯ? ಸಾಯೋರಿಗೆ ಸುಳ್ಳು ಹೇಳ್ತೀಯೇನೋ?" ಅತ್ತೆ ಕೂಗಿದರು.

"ಬರಿಗೈಲಿ ಹೋಗಿ ಏನ್ ಹೇಳ್ಲಿ ಅಕ್ಕ? ನೀನೇ ಹೇಳು, ಏನ್ ಹೇಳ್ಲಿ?"

ಅತ್ತೆ ಡಬ್ಬಿಯ ಮುಚ್ಚಳ ಹುಡುಕಿ ಅಪ್ಪನ ಕೈಗಿಟ್ಟರು.

ನಾವು ಹೋದಾಗ ಅಜ್ಜಿಗೆ ಎಚ್ಚರವಿತ್ತು. ಅಪ್ಪ ಅಂಗೈಗೆ ಮಣ್ಣು ಹಾಕಿ, "ಅವ್ವ, ಗದ್ದುಗೆ ಮಣ್ಣು" ಎಂದರು. ಅಜ್ಜಿ ಹೆಬ್ಬೆರಳಲ್ಲಿ ಅದನ್ನು ಉಜ್ಜಿದರು, ಮೂಗಿಗೆ ಹಿಡಿದರು. ಆಮೇಲೆ ನಿಧಾನಕ್ಕೆ ತಲೆ ಅಲ್ಲಾಡಿಸಿದರು.

"ಇದು ಅವರದ್ದಲ್ಲ."

ಅಜ್ಜಿ ಮಣ್ಣನ್ನು ಮತ್ತೊಮ್ಮೆ ಮೂಗಿಗೆ ಹಿಡಿದರು. "ಇದು ನನ್ನ ಗೌರೀದು. ನಿಮಗೆಲ್ಲಿ ಸಿಕ್ಳೋ ಅವಳು? ಆ ಹಳ್ಳದ ಹೊಂಗೆಮರ ಇನ್ನೂ ಐತಾ?"

ಹಳ್ಳ, ಹೊಂಗೆಮರ ಎಂದು ನಮ್ಮಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

"ಗೌರಿ ಯಾರವ್ವ?" ಎಂದರು ಅತ್ತೆ.

"ನಿನಗಿಂತ ಮುಂಚಿನವಳು. ಜ್ವರ ಬಂದಿತ್ತು. ಎತ್ಕೊಂಡು ಭದ್ರಾವತಿ ಆಸ್ಪತ್ರೆಗೆ ನಡೀತಿದ್ವಿ. ದಾರೀಲೇ ಹೋಯ್ತು ಕೂಸು. ಅಲ್ಲೇ ಮಣ್ಣು ಮಾಡಿದ್ವಿ. ಎಡೆ ಇಲ್ಲ, ಹೆಸರು ಹೇಳೋರಿಲ್ಲ." ಅಷ್ಟು ಹೇಳಿ ಮುಷ್ಟಿ ಬಿಗಿದು ಎದೆಗೊತ್ತಿಕೊಂಡರು. ಅಪ್ಪ ಮಂಚದ ಕಾಲಿನ ಹತ್ತಿರ ಕುಸಿದು ಕೂತರು. ಅಜ್ಜಿ ಮತ್ತೆ ತಾತನ ಗದ್ದುಗೆಯ ಮಾತೆತ್ತಲಿಲ್ಲ.

ಮಾರನೆಯ ದಿನ ಅಜ್ಜಿ ಹೋದರು. ಮುಷ್ಟಿ ಬಿಡಿಸಲು ಯಾರಿಗೂ ಮನಸ್ಸಾಗಲಿಲ್ಲ, ಹಾಗೇ ಕೂರಿಸಿದೆವು.

ನಾನು ಬೇಕಾದಷ್ಟು ಲೆಕ್ಕ ಹಾಕಿದ್ದೇನೆ. ಮಣ್ಣಿನಲ್ಲಿ ಹೊಂಗೆ ಹೂವಿನ ವಾಸನೆ ಇತ್ತೇನೋ ಎಂದುಕೊಂಡರೆ, ಅದು ಹೊಂಗೆ ಹೂ ಬಿಡುವ ಕಾಲವಲ್ಲ. ಸಾಯುವ ಹೊತ್ತಿನ ಬಡಬಡಿಕೆ ಎನ್ನೋಣವೆಂದರೆ, ಹಳ್ಳವನ್ನೂ ಮರವನ್ನೂ ಸರಿಯಾಗಿ ಹೇಳಿದ್ದು ಹೇಗೆ? ಡ್ರಾಯಿಂಗ್ ಶೀಟಿನಲ್ಲಿ ಅತ್ತೆಯ ಹೆಸರಿಗಿಂತ ಮೊದಲು ಗೌರಿ ಎಂದು ಬರೆದಿದ್ದೇನೆ. ಹಿರಿಯರ ಹಬ್ಬಕ್ಕೆ ಅಪ್ಪ ಸಣ್ಣದೊಂದು ಎಲೆಯಲ್ಲಿ ಹಾಲು ಅನ್ನ ಇಡುತ್ತಾರೆ.

ಒಂದು ಸಲ ಅತ್ತೆಗೆ ಹೇಳಿದೆ, "ಅವತ್ತು ನೀವು ನಿಲ್ಸು ಅನ್ನದೇ ಇದ್ದಿದ್ರೆ ಆ ಮರದ ಹತ್ರ ನಾವು ಇಳೀತಾನೇ ಇರ್ಲಿಲ್ಲ ಅಲ್ವಾ?"

ಅತ್ತೆ ನನ್ನನ್ನೇ ನೋಡಿದರು. "ನಾನ್ಯಾಕೆ ನಿಲ್ಸು ಅನ್ಲೋ ಮಾರಾಯ? ಅವ್ವ ಹೋಗ್ಬಿಡ್ತಾಳೆ, ಬೇಗ ಓಡ್ಸು, ಬೇಗ ಓಡ್ಸು ಅಂತ ನಾನ್ ಬಡ್ಕೋತಿದ್ದೆ."

ಅಪ್ಪನನ್ನು ಕೇಳಿದೆ. ಅವರೂ ಹೇಳಿಲ್ಲವಂತೆ. ನಾನೇ ನಿಲ್ಲಿಸಿದೆ ಎಂದುಕೊಂಡಿದ್ದರಂತೆ. ಆದರೆ ನಾನು ಕೇಳಿದ್ದು ನಿಜ, ಹಿಂದಿನ ಸೀಟಿನಿಂದಲೇ. ಅದು ದೊಡ್ಡವರ ದನಿಯೋ ಅಲ್ಲವೋ ಎಂಬುದನ್ನು ಮಾತ್ರ, ಎಷ್ಟು ನೆನಪಿಸಿಕೊಂಡರೂ, ಹೇಳಲಾರೆ.