ಇಸ್ತ್ರಿಪೆಟ್ಟಿಗೆಗೊಂದು ಲೈನು

ನನ್ನ ತಂಗಿಯನ್ನು ಬೀದಿಯವರೆಲ್ಲ ಗುಂಡುಸೂಜಿ ಎನ್ನುತ್ತಾರೆ. ಆಳು ಗಿಡ್ಡ, ಮಾತು ಚೂಪು. ಕೋಟು ಹೊಲಿಯುವುದು ಅವಳ ಕಸುಬು. ಹೆಂಗಸು ಹೊಲಿದ ಕೋಟು ಭುಜದ ಮೇಲೆ ಕೂರುವುದಿಲ್ಲ ಎಂದು ಮೂಗು ಮುರಿದವರೇ ಮಗನ ಮದುವೆ ಹತ್ತಿರವಾದಾಗ ಅವಳ ಬಾಗಿಲಲ್ಲಿ ಕೈಕಟ್ಟಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಂಥವಳ ಮಿಷನ್ನಿಗೆ ಅವಳ ಮನೆಯಲ್ಲೇ ನೆಲೆ ಇರಲಿಲ್ಲ. ಮಕ್ಕಳಿಗೆ ಪರೀಕ್ಷೆ ಬಂದರೆ ಮೆಟ್ಟಿಲ ಕೆಳಗೆ, ನೆಂಟರು ಬಂದರೆ ಅಡುಗೆಮನೆಯ ಮೂಲೆಗೆ. ಬೆಕ್ಕು ಮರಿ ಕಚ್ಚಿಕೊಂಡು ಮನೆಮನೆ ತಿರುಗಿದ ಹಾಗೆ ಅವಳು ಮಿಷನ್ ಹೊತ್ತು ತಿರುಗಿದಳು. ಕಡೆಗೆ, ತಲೆ ನರೆತ ಮೇಲೆ, ಹಿತ್ತಿಲ ತುದಿಯಲ್ಲಿ ಹಳೆಯ ಬಾಗಿಲುಗಳನ್ನು ಕೂಡಿಸಿ ಮರದ ಒಂದು ಕೋಣೆ ಕಟ್ಟಿಸಿದಳು. ಅದಕ್ಕೆ ಯಾರೂ ಅಡ್ಡ ಬರಲಿಲ್ಲ. ನಡುಮನೆ ಖಾಲಿಯಾಯಿತಲ್ಲ ಎಂದು ಎಲ್ಲರಿಗೂ ಒಳಗೊಳಗೇ ಖುಷಿ.

ಜಗಳ ಹುಟ್ಟಿದ್ದು ಕರೆಂಟಿನಿಂದ.

ಅವಳ ಗಂಡ, ನಮ್ಮ ಭಾವ, ಬಸ್ಸು ಓಡಿಸಿ ನಿವೃತ್ತರಾದವರು. ಮನೆಯನ್ನೂ ಬಸ್ಸೆಂದೇ ತಿಳಿದವರು. ಸ್ಟೇರಿಂಗು ತಮ್ಮ ಕೈಲೇ ಇರಬೇಕು. ಅಡುಗೆಮನೆ ಕಿಟಕಿಯಿಂದ ಒಂದು ವೈರು ಎಳೆದು, ಬಟ್ಟೆ ಒಣಗಿಸುವ ಕಂಬಕ್ಕೆ ಸುತ್ತಿ ಕೋಣೆಗೆ ಇಳಿಸಿದರಾಯಿತು, ಒಂದು ದೀಪ, ಒಂದು ಮಿಷನ್, ಇನ್ನೇನು ಬೇಕು ಎಂದರು. ಇಸ್ತ್ರಿಗೆ ಮನೆಗೆ ಬಂದರಾಯಿತಂತೆ.

ಕೋಟು ಹೊಲಿಯುವವರಿಗೆ ಇಸ್ತ್ರಿ ಎಂದರೆ ಕಡೆಯಲ್ಲಿ ಹಚ್ಚುವ ಪೌಡರಲ್ಲ. ಒಂದು ಹೊಲಿಗೆ ಹಾಕಿದರೆ ಅದನ್ನು ಬಿಡಿಸಿ, ಒತ್ತಿ, ಕೂರಿಸಿದ ಮೇಲೆಯೇ ಇನ್ನೊಂದು ಹೊಲಿಗೆ. ಎಲ್ಲ ಮುಗಿಸಿ ಒಮ್ಮೆಗೇ ಒತ್ತಿದರೆ ಬಟ್ಟೆ ಬೆಂದೀತೇ ಹೊರತು ಮೈಗೆ ಕೂರದು. ಇಸ್ತ್ರಿಯಿಲ್ಲದ ಕೋಣೆ ಅವಳಿಗೆ ಕಾಡುಹರಟೆಯ ಕಟ್ಟೆಯಷ್ಟೇ.

ವೈರ್‌ಮನ್ ಬಂದ. ಅವನ ಕಿವಿಗೆ ಭಾವ ಮೊದಲೇ ಊದಿಟ್ಟಿದ್ದರು. ಒಂದು ದೀಪಕ್ಕೆ ಇಷ್ಟೆಲ್ಲ ಯಾಕಮ್ಮ ಎಂದು ರಾಗ ಎಳೆದ. ತಂಗಿ ಅರ್ಧ ಹೊಲಿದ ಎರಡು ಕಾಲರು ತಂದು ಅವನ ಕೈಗಿಟ್ಟಳು. ಒಂದು ಹೊಲಿಯುತ್ತಾ ಒತ್ತಿದ್ದು, ಇನ್ನೊಂದು ಹೊಲಿದಾದ ಮೇಲೆ ಒತ್ತಿದ್ದು. ಅವನು ಎರಡನ್ನೂ ಕುತ್ತಿಗೆಗೆ ಹಿಡಿದು ನೋಡಿಕೊಂಡ. ಎರಡನೆಯದು ಹಪ್ಪಳದ ಅಂಚಿನ ಹಾಗೆ ಮೇಲೆದ್ದಿತ್ತು. ಭಾವನ ಕಡೆ ತಿರುಗಿ ಹೇಳಿದ:

“ಯಜಮಾನ್ರೇ, ನೀವು ಹೇಳಿದ ವೈರಿಗೆ ಇಸ್ತ್ರಿಪೆಟ್ಟಿಗೆ ಹಾಕಿದ್ರೆ ವೈರೇ ಇಸ್ತ್ರಿಯಾಗುತ್ತೆ.”

ದಪ್ಪ ಕೇಬಲ್ಲು ಬೇಕು, ಪೈಪಿನೊಳಗೆ ನೆಲದಡಿ ಹೋಗಬೇಕು, ಮನೆಯ ಬೋರ್ಡಿನಿಂದಲೇ ಅದಕ್ಕೊಂದು ಬೇರೆ ಸ್ವಿಚ್ಚು ಬೇಕು, ಹೊರೆ ಹೆಚ್ಚಾದರೆ ಅದು ತಾನಾಗಿ ಬೀಳುವಂಥದ್ದಾಗಿರಬೇಕು, ಕೋಣೆಯ ಪಕ್ಕ ಅರ್ಥಿಂಗ್ ರಾಡು ಹುಗಿಯಬೇಕು ಎಂದು ವಿವರಿಸಿ, ಗುಂಡಿ ಎಲ್ಲಿ ತೋಡಲಿ ಎಂದು ಕೇಳಿದ.

ತಂಗಿ ಅಲ್ಲೂ ತನ್ನ ಕಸುಬು ಬಿಡಲಿಲ್ಲ. ಮೊದಲು ಕಚ್ಚಾ ಹೊಲಿಗೆಯ ಟಾಕಾ ಹಾಕಿ ನೋಡದೆ ಹೊಲಿಯುವವಳಲ್ಲ ಅವಳು. ಮನೆಯಿಂದ ಕೋಣೆಯ ತನಕ ಹಿತ್ತಿಲಲ್ಲಿ ದಾರ ಕಟ್ಟಿ, ಗೂಟ ನೆಟ್ಟು, ಕೆಲವು ದಿನ ಹಾಗೇ ಇರಲಿ ಎಂದಳು. ಯಾರ ಕಾಲು ಎಲ್ಲಿ ಓಡಾಡುತ್ತದೆ, ಯಾರ ಗುದ್ದಲಿ ಎಲ್ಲಿ ಬೀಳುತ್ತದೆ, ದಾರವೇ ಹೇಳುತ್ತದಂತೆ. ಹೇಳಿತು ಕೂಡ. ಸೊಸೆ ಬಕೆಟ್ಟಿನ ಸಮೇತ ಮುಗ್ಗರಿಸಿದಳು. ಭಾವನ ಗುದ್ದಲಿ ಟೊಮೇಟೊ ಪಾತಿಯಲ್ಲಿ ದಾರವನ್ನು ಕಡಿದೇಬಿಟ್ಟಿತು. ಅವರಿಗೆ ರೇಗಿ, ಉಳಿದ ದಾರವನ್ನೂ ಕಿತ್ತು ಟೊಮೇಟೊ ಗಿಡಗಳನ್ನು ಕಟ್ಟಿದರು. ಬೆಳಗಾಗುವಷ್ಟರಲ್ಲಿ ಹೊಸ ದಾರ ಪಾತಿ ಬಿಟ್ಟು, ಕಾಂಪೌಂಡಿನ ಗೋಡೆ ಬಳಸಿ ಸಾಗಿತ್ತು. ಸುತ್ತು ಹೆಚ್ಚಾಯಿತು, ಕೇಬಲ್ಲು ಇನ್ನೂ ದಪ್ಪ ಬೇಕಾಗುತ್ತದೆ ಎಂದ ವೈರ್‌ಮನ್. ದಪ್ಪದ್ದೇ ಹಾಕು ಎಂದಳು.

ಗುಂಡಿ ತೋಡಲು ಅವನು ಬಂದ ಆ ದಿನ ನಾನೂ ಅಲ್ಲಿದ್ದೆ. ನನ್ನನ್ನು ಕರೆಸಿದ್ದು ಭಾವ. ಅಣ್ಣನಾದವನು ಬುದ್ಧಿ ಹೇಳಲಿ ಎಂದು. ನಾನು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಏನೋ ಶುರು ಮಾಡಿದೆ. ತಂಗಿ ನನ್ನತ್ತ ಒಮ್ಮೆ ನೋಡಿದಳು. ಬಾಯಿ ತಾನಾಗಿ ಮುಚ್ಚಿತು. ಭಾವ ತಡೆಯಲಾರದೆ ಕೇಳಿಯೇಬಿಟ್ಟರು:

“ಅಲ್ಲ ಕಣೇ, ಇಸ್ತ್ರಿಗೆ ನಾಲ್ಕು ಹೆಜ್ಜೆ ಮನೆಗೆ ಬಂದ್ರೆ ನಿನ್ನ ಕಾಲು ಸವೆದು ಹೋಗುತ್ತಾ?”

ಅವಳು ಬಾಯಲ್ಲಿದ್ದ ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡಳು.

“ಕಾಲು ಸವೆಯಲ್ಲ ರೀ. ಆದ್ರೆ ಮನೆ ಒಳಗೆ ಕಾಲಿಟ್ಟಾಗೆಲ್ಲ ಯಾರಾದ್ರೂ ಒಂದು ಕೆಲಸ ಹೇಳ್ತೀರಿ. ಕಾಫಿ ಅಂತೀರಿ, ಕನ್ನಡಕ ಎಲ್ಲಿ ಅಂತೀರಿ. ಕೈಲಿದ್ದ ತೋಳು ಕೈಲೇ ಇರುತ್ತೆ, ಕೋಟು ಮಾತ್ರ ಮುಗಿಯಲ್ಲ. ಇಷ್ಟು ವರ್ಷ ಹಾಗೇ ಹೊಲಿದೆ. ಇನ್ನು ಹೊಲಿಯಲ್ಲ.”

ವೈರ್‌ಮನ್ ಗುದ್ದಲಿ ಎತ್ತಿಕೊಂಡು ಗೋಡೆಯ ಕಡೆಗೆ ನಡೆದ.

ಲೈನು ಬಂತು. ಇಸ್ತ್ರಿ ಕಾದಿತು. ತಂಗಿ ಬೆಳಿಗ್ಗೆ ಕೋಣೆ ಹೊಕ್ಕರೆ ಮನೆಗೆ ಅವಳ ಸುಳಿವೇ ಇಲ್ಲ. ಭಾವನಿಗೆ ಅದೂ ಸಹಿಸಲಾಗಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಒಂದು ಉಪಾಯ ಹೂಡಿದರು: ಬೋರ್ಡಿನಲ್ಲಿ ಅವಳ ಸ್ವಿಚ್ಚು ಆರಿಸಿದರು. ಮೂಗು ಹಿಡಿದರೆ ಬಾಯಿ ತೆರೆಯುತ್ತದೆ, ಕರೆಂಟು ಹೋದರೆ ತಾನಾಗಿ ಬರುತ್ತಾಳೆ ಎಂದು ಲೆಕ್ಕ. ಅವಳು ಬರಲಿಲ್ಲ. ಅನ್ನ ತಣ್ಣಗಾಯಿತು. ಬಿಸಿಲು ಗೋಡೆ ಇಳಿಯಿತು. ಕಡೆಗೆ ಭಾವನೇ ಚಪ್ಪಲಿ ಮೆಟ್ಟಿಕೊಂಡು ಹಿತ್ತಿಲು ದಾಟಿದರು. ತಂಗಿ ಕಿಟಕಿಯ ಬೆಳಕಿಗೆ ಕೂತು ಕೈಹೊಲಿಗೆಯಲ್ಲಿ ಗುಂಡಿಯ ಕಾಜಾ ಹಾಕುತ್ತಿದ್ದಳು. ತಲೆ ಎತ್ತಲಿಲ್ಲ.

ಊಟಕ್ಕೆ ಕರೆದೆನಲ್ಲ ಎಂದರು.

“ನಿಮಗೆ ಬಾಯಿದೆ. ಬಾಯಲ್ಲಿ ಕರೀರಿ. ಇನ್ನೊಂದ್ಸಲ ಆ ಸ್ವಿಚ್ಚು ಮುಟ್ಟಿದ್ರೆ ಊಟಕ್ಕೂ ಇಲ್ಲೇ ಒಲೆ ಹೂಡ್ತೀನಿ. ದಪ್ಪ ಕೇಬಲ್ಲು, ಒಲೆಯನ್ನೂ ತಡೆಯುತ್ತೆ.”

ಭಾವ ಬಂದ ದಾರಿಯಲ್ಲೇ ಹೋಗಿ ಸ್ವಿಚ್ಚು ಮೇಲೆತ್ತಿದರು. ಈಗ ಊಟದ ಹೊತ್ತಿಗೆ ಹಿತ್ತಿಲ ಬಾಗಿಲಲ್ಲಿ ನಿಂತು, ಸ್ಟಾಪಿನಲ್ಲಿ ಪ್ರಯಾಣಿಕರನ್ನು ಕೂಗುವ ಕಂಡಕ್ಟರನ ಹಾಗೆ ಕೂಗುತ್ತಾರೆ. ಕೆಲವು ದಿನ ಅವಳು ಎದ್ದು ಹೋಗುತ್ತಾಳೆ. ಕೆಲವು ದಿನ, ಈ ತೋಳು ಕೂರಲಿ, ನೀವು ಬಡಿಸಿಕೊಳ್ಳಿ ಎಂದು ಕೋಣೆಯಿಂದಲೇ ಉತ್ತರ ಬರುತ್ತದೆ. ಅವರು ಬಡಿಸಿಕೊಳ್ಳುತ್ತಾರೆ.