ನಾನು ಬರೆಯದ ನೂರ ಎಪ್ಪತ್ತೆಂಟು

ಕಳೆದ ವಾರ ಡಾಕ್ಟರು ನನಗೂ ಬಿಪಿ ಮೆಷಿನ್ ಕೊಳ್ಳಲು ಹೇಳಿದರು. ಸ್ಕೋಫೀಲ್ಡ್ಸ್ ಬಡಾವಣೆಯ ನಮ್ಮ ಮನೆಯಲ್ಲಿ ಕುಳಿತು ತೋಳಿನ ಪಟ್ಟಿ ಬಿಚ್ಚಿದೆ. ಚರ್ರ್ ಅಂತ ಸದ್ದಾಯಿತು. ಹಿಂದೆ ನಾನು ಬಾಡಿಗೆಗಿದ್ದ ಪೆಂಡಲ್ ಹಿಲ್ ಮನೆಯ ಅಂಕಲ್ ಎದುರಿಗೇ ಬಂದು ಕುಳಿತಂತಾಯಿತು...

ಎರಡು ಸಾವಿರನೇ ಇಸವಿಯ ಆಚೀಚೆಯ ಮಾತು. ನಾನಾಗ ಓದು ಮುಗಿಸಿ, ಈ ದೇಶದಲ್ಲೇ ನೆಲೆಸಲು ಬೇಕಾದ ಪಿಆರ್‌ಗೆ ಕಾಯುತ್ತಿದ್ದೆ. ಅವರ ಮಗನ ಮನೆಯ ಹಿಂದಿನ ರೂಮು ನನ್ನದು. ಅಂಕಲ್ ಧಾರವಾಡದ ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಗಳು ಮೆಲ್ಬರ್ನ್‌ನ ವೆರಿಬೀಯಲ್ಲಿ ತುಂಬು ಗರ್ಭಿಣಿ. ಹೆರಿಗೆಯ ಹೊತ್ತಿಗೆ ಅಲ್ಲಿರಬೇಕೆಂದು ಅಂಕಲ್‌ಗೆ ಒಂದೇ ಹಂಬಲ. ವಾರವಿಡೀ ಬಿಪಿ ನೋಡಿ ಬರೆದು ತನ್ನಿ, ಹತೋಟಿಯಲ್ಲಿದ್ದರೆ ಹೋಗಿ ಎಂದಿದ್ದರು ಡಾಕ್ಟರು.

ದಿನವೂ ಬೆಳಿಗ್ಗೆ ಮೂರು ಸಲ ನೋಡುತ್ತಿದ್ದೆವು. ಬರೆಯುವುದು ನಾನು, ಸರಾಸರಿ ಹೇಳುವುದು ಅವರು. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದರು. ಕೊನೆಯ ದಿನ ಮೂರನೆಯ ಸಲ ನೂರ ಎಪ್ಪತ್ತೆಂಟು ಬಂತು! ನಾನು ಎರಡನ್ನೇ ಬರೆದು ಪುಸ್ತಕ ಮುಚ್ಚಿದೆ.

"ಮೂರನೇದು ಬರೀಲಿಲ್ಲಲ್ಲ ತಂಗಿ?"

"ಅದು ಮೆಷಿನ್ ತಪ್ಪು ಅಂಕಲ್, ಬಿಟ್ಬಿಡೋಣ. ಮೊಮ್ಮಗೂನ ನೋಡೋದು ಬೇಡ್ವಾ?"

ಅವರು ನಕ್ಕರು. "ಹಿಂದಕ ಆಕಾಶದಾಗಿನ ಚುಕ್ಕಿ ನೋಡಾವ್ರೂ ಹಿಂಗ ಮಾಡ್ತಿದ್ರು. ಹತ್ತು ಸಲ ಅಳದು, ತಮಗ ಚಲೋ ಅನಿಸಿದ್ದೊಂದು ಇಟ್ಕೊಂತಿದ್ರು. ಎಲ್ಲಾ ಕೂಡಿಸಿ ಸರಾಸರಿ ತಗೀಬೇಕಂತ ತಿಳಿಯಾಕ ಭಾಳ ವರ್ಷ ಹಿಡೀತು. ಹೆಚ್ಚಿಂದು, ಕಡಿಮಿದು ಒಂದನ್ನೊಂದು ತಿಂದು ಹಾಕ್ತಾವ. ನಮಗ ಬ್ಯಾಡಾದ್ದನ್ನ ನಾವ ತಗದ್ರ, ಉಳಿಯೂದು ಅಳತಿ ಅಲ್ಲ, ನಮ್ಮ ಆಸೆ."

ಪೆನ್ನು ಕಿತ್ತುಕೊಂಡು ತಾವೇ ಬರೆದರು.

ಅದನ್ನು ಕಂಡ ಡಾಕ್ಟರು ಮಾತ್ರೆ ಬದಲಿಸಿ ಸದ್ಯಕ್ಕೆ ಪ್ರಯಾಣ ಬೇಡವೆಂದರು. ಮಗು ಹುಟ್ಟಿದ ಸುದ್ದಿ ಫೋನಿನಲ್ಲೇ ಬಂತು. ಅವತ್ತು ಅವರು ಹಿತ್ತಲಲ್ಲಿ ಬಹಳ ಹೊತ್ತು ಒಬ್ಬರೇ ಕುಳಿತಿದ್ದರು. ನನಗೆ ಅವರ ಮೇಲೆ ಸಿಟ್ಟೇ ಬಂದಿತ್ತು. ಯಾರು ಕೇಳಿದ್ದರು ಈ ಪ್ರಾಮಾಣಿಕತೆಯನ್ನು?

ಬಿಪಿ ಹತೋಟಿಗೆ ಬಂದ ಮೇಲೆ, ತಿಂಗಳ ನಂತರ ವೆರಿಬೀಗೆ ಹೋಗಿಬಂದರು. ಬಂದವರೇ ನನ್ನ ಬಾಗಿಲು ತಟ್ಟಿದರು.

"ಮೊಮ್ಮಗಳ ಉದ್ದ ಮೂರು ಸಲ ಅಳದೆ. ಮೂರೂ ಬ್ಯಾರೆ ಬಂದ್ವು. ಕಾಲು ನಿಂದರ್ಸೂದ ಇಲ್ಲ ಆಕಿ!"

ತಾಳೆಯಾಗದ ಅಳತೆಗಳಿಂದ ಅಷ್ಟು ಖುಷಿಪಟ್ಟ ಇನ್ನೊಬ್ಬರನ್ನು ನಾನು ಕಂಡಿಲ್ಲ. ಮೂರು ವರ್ಷದ ಮೇಲೆ ಅವರು ತೀರಿಕೊಂಡರು. ಅಷ್ಟರಲ್ಲಿ ನಾನು ಮನೆ ಬದಲಿಸಿದ್ದೆ, ಸುದ್ದಿ ತಡವಾಗಿ ಮುಟ್ಟಿತು. ಕೊನೆಗೊಮ್ಮೆ ನೋಡಲಾಗಲಿಲ್ಲವಲ್ಲ ಎಂಬ ಸಂಕಟ ಈಗಲೂ ಇದೆ...

ಕಳೆದ ವಾರ ನನ್ನ ಬಿಪಿಯೂ ಮೂರನೆಯ ಸಲ ಏರಿತ್ತು. "ಅದೊಂದು ಬಿಟ್ಬಿಡು, ನಡುವೆ ಎದ್ದು ಮೆಟ್ಟಿಲು ಹತ್ತಿ ಬಂದೆ ತಾನೆ" ಎಂದರು ನನ್ನ ಗಂಡ. ಮೂರನ್ನೂ ಬರೆದೆ. ಕೆಳಗೆ ಸರಾಸರಿಯ ಜಾಗ ಹಾಗೇ ಉಳಿದಿದೆ. ಅದನ್ನು ಹೇಳುವುದು ಅಂಕಲ್ ಅವರ ಕೆಲಸವಾಗಿತ್ತು.