ದಿಬ್ಬದ ಕಲ್ಲಿಗೆ ಬಳಿದ ಸುಣ್ಣ

ಸಾವಿರದ ಒಂಬೈನೂರ ಎಂಬತ್ತಾರರಲ್ಲಿ, ಏಳನೇ ತರಗತಿ ಮುಗಿಯುವ ಮೊದಲೇ, ನಾನು ಓದು ನಿಲ್ಲಿಸಿದೆ. ಆ ವರ್ಷ ನಮ್ಮೂರ ಕೆರೆ ತುಂಬಿತ್ತು. ಅಪ್ಪನ ಕಾಲಿಗೆ ಪೆಟ್ಟಾಗಿತ್ತು. ನೀರಿನಲ್ಲಿ ಮುಳುಗಿ ತೂಬಿನ ಗೂಟ ಕೀಳಲು ಬೇರೆ ಯಾರೂ ಇರಲಿಲ್ಲ. ನಮ್ಮದು ನೀರುಗಂಟಿ ಮನೆ. ಕಟ್ಟೆ ಕಾಯುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ತೀರ್ಮಾನಿಸುವುದು ನಮ್ಮ ಕೆಲಸ. ಮೇಷ್ಟ್ರು ಎರಡು ಸಲ ಮನೆಗೆ ಬಂದು ಕರೆದರು. ಆಮೇಲೆ ಬರಲಿಲ್ಲ.

ನಮ್ಮೂರು ಮುಳಬಾಗಿಲಿನಿಂದ ತಾಯಲೂರಿಗೆ ಹೋಗುವ ದಾರಿಯಿಂದ ಒಳಗಿದೆ. ಕೆರೆಯ ನಡುವೆ ಒಂದು ದಿಬ್ಬ. ಹಳೆಯ ಊರು ಇದ್ದದ್ದು ಅಲ್ಲೇ. ಕೆರೆ ತುಂಬಿದಾಗಲೆಲ್ಲ ಊರು ನೀರಿನ ನಡುವೆ ಸಿಕ್ಕಿಕೊಳ್ಳುತ್ತಿತ್ತಂತೆ. ಬೇಸತ್ತ ಹಿರಿಯರು ಒಂದೊಂದೇ ಮನೆ ಕಿತ್ತು ಈಚೆ ದಡಕ್ಕೆ ಬಂದರು. ಈಗ ಅಲ್ಲಿ ಮನೆಗಳ ಪಾಯ, ಶಿಖರವಿಲ್ಲದ ಪುಟ್ಟ ಈಶ್ವರನ ಗುಡಿ, ಎರಡು ಹುಣಸೆ ಮರ, ಆಳೆತ್ತರದ ಒಂದು ಕಲ್ಲು.

ಆ ಕಲ್ಲು ನಮ್ಮದು. ಹಾಗೆಂದೇ ಬೆಳೆದೆ. ಅದರಲ್ಲಿ ಹೆಗಲ ಮೇಲೆ ಗುದ್ದಲಿ ಹೊತ್ತ ಒಬ್ಬ ಮನುಷ್ಯ ನಿಂತಿದ್ದ. ಕಟ್ಟೆ ಒಡೆದ ದಿನ ಬಿರುಕಿಗೆ ಮಣ್ಣು ಹಾಕುತ್ತ ಹಾಕುತ್ತ ಅದರಲ್ಲೇ ಹೂತುಹೋದ ನಮ್ಮ ಮುತ್ತಜ್ಜ ಅವನೆಂದು ಅಪ್ಪ ಹೇಳುತ್ತಿದ್ದ. ಕೋಡಿ ಹರಿದ ವರ್ಷ ಕಲ್ಲಿಗೆ ಸುಣ್ಣ ಬಳಿದು ಮೊದಲ ಪೂಜೆ ಮಾಡುವ ಹಕ್ಕು ನಮ್ಮ ಮನೆಯದು. ಮುಂದೆ ಕೆರೆ ಬತ್ತಿ, ಕೆರೆಯಂಗಳದಲ್ಲಿ ಜಾಲಿ ಬೆಳೆದು, ದನಗಳು ದಿಬ್ಬಕ್ಕೆ ನಡೆದುಕೊಂಡೇ ಹೋಗುವಂತಾದಾಗಲೂ ಅಪ್ಪ ಪ್ರತಿ ಯುಗಾದಿಗೆ ಸುಣ್ಣದ ಡಬ್ಬ ಹೊರತೆಗೆಯುತ್ತಿದ್ದ.

"ನೀರೇ ಇಲ್ಲ, ಇನ್ಯಾತಕ್ಕಪ್ಪ?" ಎಂದರೆ, "ನೀರಿಲ್ದಿದ್ರೆ ಏನ್ಲಾ? ನಾವಿದೀವಲ್ಲ" ಎನ್ನುತ್ತಿದ್ದ.

ಅಪ್ಪ ಹೋದ ಮೇಲೆ ನಾನು ಬಳಿದೆ. ಹೊಟ್ಟೆಪಾಡಿಗೆ ಕೋಲಾರದ ಮಾರ್ಕೆಟ್ಟಿನಲ್ಲಿ ಟೊಮೆಟೊ ಕ್ರೇಟು ಹೊತ್ತೆ, ಕ್ವಾರಿಯಲ್ಲಿ ಕಲ್ಲು ಒಡೆದೆ. ಒಬ್ಬರ ಮುಂದೆಯೂ ಕೈ ಚಾಚಲಿಲ್ಲ. ಯಾರಾದರೂ ಏನು ಕೆಲಸ ಎಂದು ಕೇಳಿದರೆ ನೀರುಗಂಟಿ ಎಂದೇ ಹೇಳುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಕೆರೆ ಮತ್ತೆ ತುಂಬಿತು. ಮಳೆಯಿಂದಲ್ಲ, ಬೆಂಗಳೂರಿನಲ್ಲಿ ಬಳಸಿ ಬಿಟ್ಟ ನೀರನ್ನು ಶುದ್ಧ ಮಾಡಿ ಪೈಪಿನಲ್ಲಿ ತಂದು ಬಿಟ್ಟರು. ಊರಿನ ಬೋರುಗಳಿಗೆ ಜೀವ ಬಂತು. ಆದರೆ ಆ ನೀರನ್ನು ಗದ್ದೆಗೆ ಬಿಡುವಂತಿಲ್ಲ, ತೂಬು ಮುಟ್ಟುವಂತಿಲ್ಲ ಎಂದರು. ಮೂವತ್ತು ವರ್ಷ ನೀರಿಲ್ಲದೆ ಕೆಲಸವಿರಲಿಲ್ಲ. ಈಗ ನೀರಿದ್ದೂ ಇಲ್ಲ. ದಿಬ್ಬ ಮಾತ್ರ ಮತ್ತೆ ದ್ವೀಪವಾಯಿತು. ಭಾನುವಾರ ಕಾರುಗಳು ಬಂದವು. ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ಭಾಯಿಯ ಜೊತೆ ಸೇರಿ ಒಂದು ತೆಪ್ಪ ಮಾಡಿಸಿದೆ. ಜನರನ್ನು ಆಚೆ ದಾಟಿಸಿ ಗುಡಿ ತೋರಿಸುತ್ತಿದ್ದೆ, ಮುತ್ತಜ್ಜನ ಕಥೆ ಹೇಳುತ್ತಿದ್ದೆ. ಕೇಳಿದವರು ಕಲ್ಲಿನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಗ ನನ್ನ ಬೆನ್ನು ಸ್ವಲ್ಪ ನೆಟ್ಟಗಾಗುತ್ತಿತ್ತು.

ಹೋದ ವರ್ಷ ಪಂಚಾಯಿತಿಯವರು ದಡದಲ್ಲಿ ದಿಬ್ಬದ ಚರಿತ್ರೆಯ ಬೋರ್ಡು ಹಾಕಿಸಲು ಹೊರಟರು. ಬರೆದುಕೊಡಲು ಕೋಲಾರದಿಂದ ಒಬ್ಬ ಕಾಲೇಜು ಮೇಡಂ ಬಂದರು. ಮುತ್ತಜ್ಜನ ಹೆಸರು ಕೊನೆಗೂ ನಾಲ್ಕು ಜನ ಓದುವಂತಾಗುತ್ತದೆಂದು ನಾನು ಒಗೆದ ಪಂಚೆ ಉಟ್ಟಿದ್ದೆ.

ಮೇಡಂ ಕಲ್ಲಿನ ಸುತ್ತ ಎರಡು ಸುತ್ತು ಬಂದು, "ಇಷ್ಟು ದಪ್ಪ ಸುಣ್ಣ ಇದೆಯಲ್ಲ, ಕೆಳಗೆ ಅಕ್ಷರ ಇರಬಹುದು. ಸ್ವಲ್ಪ ತೆಗೀಬಹುದಾ?" ಎಂದರು.

"ನೀವು ಮುಟ್ಬೇಡಿ ಮೇಡಂ. ಬಳಿದೋರು ನಾವು, ನಾನೇ ತೆಗೀತೀನಿ" ಎಂದೆ.

ತೆಂಗಿನ ನಾರು, ಕೆರೆಯ ನೀರು. ಮಧ್ಯಾಹ್ನದವರೆಗೆ ಉಜ್ಜಿದೆ. ನನ್ನ ಸುಣ್ಣ ಹೋಯಿತು, ಅದರ ಕೆಳಗೆ ಅಪ್ಪನದು, ಅದರ ಕೆಳಗೆ ತಾತನದು. ಹಪ್ಪಳದಂತೆ ಏಳುತ್ತಿತ್ತು. ಮುತ್ತಜ್ಜನ ತಲೆ ಎಂದುಕೊಂಡಿದ್ದು ದುಂಡಗಿನ ಸೂರ್ಯ. ಹೆಗಲ ಗುದ್ದಲಿ ಎಂದುಕೊಂಡಿದ್ದು ಬಿದಿಗೆ ಚಂದ್ರ. ಮೈಯೆಲ್ಲ ಒಂದು ದೀಪದ ಕಂಬ. ಪಾದದ ಜಾಗದಲ್ಲಿ ಒಂದು ಕುರಿ. ಕೆಳಗೆ ಐದು ಸಾಲು ತಮಿಳು ಅಕ್ಷರ.

ಮೇಡಂ ನಿಧಾನವಾಗಿ ಓದಿ ಕನ್ನಡದಲ್ಲಿ ಹೇಳಿದರು. ಯಾರೋ ಒಬ್ಬ ಹೆಂಗಸು ಈ ಗುಡಿಯ ದೀಪಕ್ಕೆಂದು ಹತ್ತು ಕುರಿ ಬಿಟ್ಟಿದ್ದಳು. ಅವುಗಳ ಹಾಲಿನ ತುಪ್ಪದಲ್ಲಿ ಸೂರ್ಯ ಚಂದ್ರರು ಇರುವವರೆಗೆ ದೀಪ ಉರಿಯಬೇಕು. ಅಷ್ಟೇ. ಕಟ್ಟೆಯ ಮಾತಿಲ್ಲ, ನೀರುಗಂಟಿಯ ಮಾತಿಲ್ಲ.

ನಾರು ಕೆಳಗಿಟ್ಟೆ. ಗುಡಿಯ ಜಗಲಿಯ ಮೇಲೆ ಕುಳಿತೆ. ತೆಪ್ಪದಲ್ಲಿದ್ದ ಭಾಯಿ, "ಕ್ಯಾ ಅಣ್ಣ, ನಿಮ್ ತಾತನ್ನ ನೀವೇ ತೊಳ್ದು ಕಳಿಸಿಬಿಟ್ರಾ?" ಎಂದ. ತಮಾಷೆಗೇ ಅಂದಿದ್ದು. ನನ್ನ ಮುಖ ನೋಡಿ ದಿಬ್ಬಕ್ಕೆ ಇಳಿದು ಬಂದು ಬೀಡಿ ಕೊಟ್ಟ.

ಮೇಡಂ ಒಳ್ಳೆಯವರು. "ನಿಮ್ಮ ಕಥೇನೂ ಹಾಕೋಣ ಬಿಡಿ. ಕೆಳಗೆ, ಹೀಗೂ ಹೇಳುತ್ತಾರೆ ಅಂತ ಬರೀತೀನಿ" ಎಂದರು.

ಆಸೆಯಾಯಿತು. ಸುಳ್ಳು ಹೇಳಲಾರೆ, ತುಂಬಾ ಆಸೆಯಾಯಿತು. ಆದರೆ ಮುತ್ತಜ್ಜ ಹಾಗೆ ಕೆಳಗೊಂದು ಸಾಲಿನಲ್ಲಿ ನಿಲ್ಲುವುದನ್ನು ಅಪ್ಪ ಒಪ್ಪುತ್ತಿರಲಿಲ್ಲ. "ಬೇಡ ಮೇಡಂ. ಕಲ್ಲಲ್ಲಿ ಏನೈತೋ ಅದನ್ನೇ ಹಾಕಿ" ಎಂದೆ.

ಮನೆಯಲ್ಲಿ ಹೇಳಿದಾಗ ಹೆಂಡತಿ ರಾಗಿ ಕೇರುತ್ತಿದ್ದಳು. "ಪೋನೀ ಬಿಡು," ಎಂದಳು. ಅವಳ ತವರು ಆಂಧ್ರದ ಗಡಿಯಾಚೆ. ಮೊರ ಕೆಳಗಿಟ್ಟು, "ಅಲ್ಲಯ್ಯೋ, ಆ ಹತ್ತು ಕುರಿ ಏನಾದ್ವು? ನಿಮ್ಮೋರೇ ತಿಂದು ಮೇಲೆ ಸುಣ್ಣ ಬಳಿದ್ರೇನೋ!" ಎಂದಳು. ಆ ದಿನ ನಾನು ನಕ್ಕಿದ್ದು ಅದೊಂದೇ ಸಲ.

ಬೋರ್ಡು ಬಂತು. ನೀಲಿ ಬಣ್ಣ, ಬಿಳಿ ಅಕ್ಷರ. ಹೆಂಗಸು, ಕುರಿ, ದೀಪ. ಈಗ ಜನರಿಗೆ ಅದನ್ನೇ ಹೇಳುತ್ತೇನೆ. ಬೇಗ ಮುಗಿಯುತ್ತದೆ. ಮುತ್ತಜ್ಜ ಕಟ್ಟೆಯಲ್ಲಿ ಹೂತುಹೋದದ್ದು ನಿಜವೇ ಇರಬಹುದು. ಅದಕ್ಕೆ ಕಲ್ಲಿಲ್ಲ, ಅಷ್ಟೇ. ತೆಪ್ಪಕ್ಕೆ ಹುಟ್ಟು ಹಾಕಿ ಹಾಕಿ ಭುಜ ನೋಯುತ್ತದೆ. ಈ ವರ್ಷ ಯುಗಾದಿಗೆ ದಿಬ್ಬಕ್ಕೆ ಹೋಗಿ ಬರಿಗೈಯಲ್ಲಿ ಕಲ್ಲಿನ ಮುಂದೆ ನಿಂತು ಬಂದೆ.

ಈಗ ನನ್ನ ಹತ್ತಿರ ಇರುವುದು: ತೆಪ್ಪದಲ್ಲಿ ಅರ್ಧ ಪಾಲು, ಒಂದು ಹುಟ್ಟು, ಇಪ್ಪತ್ತು ಗುಂಟೆ ಹೊಲ, ಹೆಂಡತಿ, ಮದುವೆಯಾಗಿ ಮಾಲೂರಿನಲ್ಲಿರುವ ಮಗಳು, ಅಪ್ಪನ ಗುದ್ದಲಿ, ಅರ್ಧ ಡಬ್ಬ ಸುಣ್ಣ.